ಕಾಡು ಗುಲಾಬಿ ನೆಡುವ ಆಸೆಯೇ? ಯಾವ ಜಾಗಕ್ಕೆ ಯಾವ ಗಿಡ ಅಂತ ನೋಡೋಣ

ಹೈಬ್ರಿಡ್ ಗುಲಾಬಿಗೆ ಔಷಧಿ ಹೊಡೆದು, ಗೊಬ್ಬರ ಹಾಕಿ, ಕಪ್ಪು ಚುಕ್ಕೆ ಬಿದ್ದ ಎಲೆ ಕಿತ್ತು ಸಾಕಾದವರು ಒಂದು ದಿನ ಕಾಡು ಗುಲಾಬಿಯ ಕಡೆ ತಿರುಗುತ್ತಾರೆ. ಐದೇ ಎಸಳು, ನಡುವೆ ಒತ್ತಾಗಿ ಹಳದಿ ಕೇಸರ, ಹೂವು ಉದುರಿದ ಮೇಲೆ ಕೆಂಪು ಹಣ್ಣು. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಗಿಡ ಹುಡುಕಲು ಶುರು ಮಾಡಿದಾಗ ಮಾತ್ರ ತಲೆ ಕೆಡುತ್ತದೆ. ಡಾಗ್ ರೋಸ್ ತರಲೋ, ರುಗೋಸಾ ತರಲೋ, ಬಳ್ಳಿಯ ಹಾಗೆ ಹಬ್ಬುವುದನ್ನು ತರಲೋ? ಜಗತ್ತಿನಲ್ಲಿ ಸುಮಾರು 150 ಬಗೆಯ ಕಾಡು ಗುಲಾಬಿಗಳಿವೆ. ಒಂದೊಂದರ ಗುಣ ಒಂದೊಂದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೂವು ನೋಡಿ ಗಿಡ ಆರಿಸಬೇಡಿ. ಬಹುಪಾಲು ಕಾಡು ಗುಲಾಬಿಗಳು ವರ್ಷಕ್ಕೆ ಒಂದೇ ಸಲ, ಅದೂ ಕೆಲವೇ ವಾರ ಹೂ ಬಿಡುತ್ತವೆ. ಮಿಕ್ಕ ತಿಂಗಳೆಲ್ಲಾ ನಿಮ್ಮ ಕಣ್ಣೆದುರು ಇರುವುದು ಅದರ ಎಲೆ, ಮುಳ್ಳು, ಹಣ್ಣು, ಮತ್ತೆ ಮಣ್ಣಿನೊಳಗೆ ಸದ್ದಿಲ್ಲದೆ ಹರಿಯುವ ಬೇರು. ಇವಿಷ್ಟೂ ನಿಮ್ಮ ಜಾಗಕ್ಕೆ ಒಗ್ಗಬೇಕು.

ಗಿಡಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಇದು ನಿಮ್ಮ ಸೀಮೆಯ ಗಿಡವೇ? ಕಾಡಿನದು ಅಂದ ಮಾತ್ರಕ್ಕೆ ನಿಮ್ಮೂರಿನ ಕಾಡಿನದು ಅಂತ ಅರ್ಥವಲ್ಲ. ಈ ವ್ಯತ್ಯಾಸ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ರೋಸಾ ಮಲ್ಟಿಫ್ಲೋರಾ ಸಾಕ್ಷಿ. ಇದರ ತವರು ಜಪಾನ್, ಕೊರಿಯಾ, ಚೀನಾ. 1866ರಲ್ಲಿ ಕಸಿ ಕಟ್ಟಲು ಬೇರುಗಿಡವಾಗಿ, ಅಂದರೆ ಕಸಿಯಲ್ಲಿ ಕೆಳಗೆ ಬೇರು ಕೊಡುವ ಗಿಡವಾಗಿ, ಅಮೆರಿಕಕ್ಕೆ ಹೋಯಿತು. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯಲು, ದನಕ್ಕೆ ಜೀವಂತ ಬೇಲಿ ಮಾಡಲು ಇದು ಒಳ್ಳೆಯದು ಅಂತ ಅಲ್ಲಿನ ಸರ್ಕಾರವೇ ರೈತರಿಗೆ ಹಂಚಿತು. ಹಕ್ಕಿಗಳು ಹಣ್ಣು ತಿಂದು ಬೀಜ ಎಲ್ಲೆಂದರಲ್ಲಿ ಉದುರಿಸಿದವು. ಹುಲ್ಲುಗಾವಲುಗಳೆಲ್ಲ ಮುಳ್ಳಿನ ಪೊದೆಯಾದವು. ಈಗ ಅಲ್ಲಿನ ಹಲವು ರಾಜ್ಯಗಳು ಇದನ್ನು ಕಳೆಗಿಡ ಅಂತ ಘೋಷಿಸಿವೆ. ಗಿಡದ ತಪ್ಪೇನೂ ಇಲ್ಲ. ತವರಿನಲ್ಲಿ ಅದು ಸಭ್ಯ ಗಿಡವೇ. ತಪ್ಪಾದದ್ದು ಜಾಗ.

ಹೆಸರು ಕೂಡ ದಾರಿ ತಪ್ಪಿಸುತ್ತದೆ. ಚೆರೋಕಿ ರೋಸ್ ಅನ್ನುವ ಬಿಳಿ ಹೂವು 1916ರಿಂದ ಅಮೆರಿಕದ ಜಾರ್ಜಿಯಾದ ರಾಜ್ಯಪುಷ್ಪ. ಹೆಸರು ಕೇಳಿದರೆ ಅಲ್ಲಿನದೇ ಅನಿಸುತ್ತದೆ, ಅಲ್ವಾ? ಆದರೆ ಅದು ಚೀನಾದಿಂದ ಬಂದ ರೋಸಾ ಲೇವಿಗಾಟಾ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಗುಲಾಬಿ ತಾನಾಗಿ ಹುಟ್ಟಿದ್ದು ಭೂಮಿಯ ಉತ್ತರಾರ್ಧದಲ್ಲಿ ಮಾತ್ರ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ತೋಟಗಳಿಗೆ ದೇಸಿ ಗುಲಾಬಿ ಅನ್ನುವುದೇ ಇಲ್ಲ. ಯಾವುದು ನೆಟ್ಟರೂ ಅದು ಹೊರಗಿನದೇ. ಅಲ್ಲಿದ್ದವರು ರೋಸಾ ರುಬಿಜಿನೋಸಾ, ಅಂದರೆ ಸ್ವೀಟ್ ಬ್ರಯರ್ ಗಿಡವನ್ನು ಮುಟ್ಟದಿರುವುದೇ ಒಳ್ಳೆಯದು. ಎಲೆ ಉಜ್ಜಿದರೆ ಸೇಬಿನ ಪರಿಮಳ ಬರುವ ಬಲು ಚಂದದ ಗಿಡ ಅದು. ಯುರೋಪಿನಲ್ಲಿದ್ದರೆ ಕಣ್ಣುಮುಚ್ಚಿ ನೆಡಿ ಅನ್ನುತ್ತೇನೆ. ಆದರೆ ನ್ಯೂಜಿಲೆಂಡಿನಲ್ಲೂ ಆಸ್ಟ್ರೇಲಿಯಾದಲ್ಲೂ ಅದು ಬೇಲಿ ದಾಟಿ ಹಬ್ಬಿ ದೊಡ್ಡ ತಲೆನೋವಾಗಿದೆ.

ಎರಡನೆಯದು ಜಾಗ. ಪೊದೆ ಎಷ್ಟು ಎತ್ತರವೋ ಸಾಮಾನ್ಯವಾಗಿ ಅಷ್ಟೇ ಅಗಲವೂ ಆಗುತ್ತದೆ. ಎರಡು ಮೀಟರ್ ಬೆಳೆಯುವ ಗಿಡವನ್ನು ಒಂದು ಮೀಟರ್ ಪಟ್ಟಿಯಲ್ಲಿ ನೆಟ್ಟರೆ ಮುಂದೆ ಪ್ರತಿ ವರ್ಷ ಕತ್ತರಿ ಹಿಡಿದು ಜಗಳಾಡಬೇಕು.

ಮೂರನೆಯದು ಬೇರಿನ ಸ್ವಭಾವ. ಕೆಲವು ಜಾತಿಗಳು ಇದ್ದಲ್ಲೇ ಪೊದೆ ಕಟ್ಟುತ್ತವೆ. ಕೆಲವು ನೆಲದಡಿಯಲ್ಲೇ ಹರಿದು ಅಲ್ಲೊಂದು ಇಲ್ಲೊಂದು ಮರಿಗಿಡ ಎಬ್ಬಿಸುತ್ತವೆ. ಇಳಿಜಾರಿನ ಮಣ್ಣು ಹಿಡಿದಿಡಬೇಕಾದರೆ ಇದು ವರ. ತರಕಾರಿ ಮಡಿಯ ಪಕ್ಕದಲ್ಲಾದರೆ ಕಿರಿಕಿರಿ. ಗಿಡ ಮಾರುವವರು ಈ ವಿಷಯ ತಾವಾಗಿ ಹೇಳುವುದು ಕಡಿಮೆ, ಹಾಗಾಗಿ ನೀವೇ ಕೇಳಿ.

ಆಮೇಲೆ ನೀರು, ಬಿಸಿಲು, ಚಳಿ. ಬಿಸಿಲು ದಿನಕ್ಕೆ ಆರು ತಾಸಾದರೂ ಬೇಕು. ಅರೆ ನೆರಳಲ್ಲಿ ಗಿಡ ಬದುಕುತ್ತದೆ, ಹೂವು ಹಣ್ಣು ಕಡಿಮೆಯಾಗುತ್ತದೆ. ಚಳಿಯ ಮಾತು ಬೇರೆ. ತಂಪು ಸೀಮೆಯ ಕಾಡು ಗುಲಾಬಿಗಳಿಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಹಿಮ ಬೀಳದ ಬೆಚ್ಚನೆಯ ಊರಿನಲ್ಲಿ ಅವುಗಳನ್ನು ನೆಟ್ಟು ಹೂವಿಗೆ ಕಾಯುವುದು ಸುಮ್ನೆ ಕಾಲಹರಣ.

ಡಾಗ್ ರೋಸ್: ಬೇಲಿ ಬೇಕಾದವರಿಗೆ

ರೋಸಾ ಕೆನೈನಾ ಯುರೋಪ್, ಪಶ್ಚಿಮ ಏಷ್ಯಾ, ವಾಯವ್ಯ ಆಫ್ರಿಕಾದ ಗಿಡ. ಸಾಮಾನ್ಯವಾಗಿ ಎರಡು ಮೂರು ಮೀಟರ್, ಆಸರೆ ಸಿಕ್ಕರೆ ಐದು ಮೀಟರ್‌ವರೆಗೂ ಏರುತ್ತದೆ. ತಿಳಿಗುಲಾಬಿ ಇಲ್ಲವೇ ಬಿಳಿ ಹೂವು, ಬೇಸಿಗೆಯ ಶುರುವಿನಲ್ಲಿ. ಮುಳ್ಳು ಕೊಕ್ಕೆಯ ಹಾಗೆ ಕೆಳಕ್ಕೆ ಬಾಗಿರುತ್ತದೆ. ಬಟ್ಟೆಗೆ ಸಿಕ್ಕಿದರೆ ಎಳೆದಷ್ಟೂ ಇನ್ನೂ ಬಿಗಿ ಹಿಡಿಯುತ್ತದೆ. ಮಕ್ಕಳು ಓಡಾಡುವ ದಾರಿಯ ಬದಿಗೆ ಇದು ಬೇಡವೇ ಬೇಡ. ದನ, ನಾಯಿ ನುಗ್ಗದ ಹಾಗೆ ಬೇಲಿ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಇದರ ಗಟ್ಟಿತನಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಜರ್ಮನಿಯ ಹಿಲ್ಡೆಸ್‌ಹೈಮ್ ಕ್ಯಾಥೆಡ್ರಲ್ ಗೋಡೆಗೆ ಹಬ್ಬಿದ ಡಾಗ್ ರೋಸ್ ಬಹಳ ಹಳೆಯದು, ಸಾವಿರ ವರ್ಷದ್ದು ಅಂತಲೇ ಹೇಳುತ್ತಾರೆ. 1945ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಕಟ್ಟಡದ ಜೊತೆ ಗಿಡವೂ ಸುಟ್ಟಿತು. ಆದರೆ ಅವಶೇಷದಡಿಯ ಬೇರು ಸಾಯಲಿಲ್ಲ. ಮತ್ತೆ ಚಿಗುರಿತು.

ಹಣ್ಣಿನ ವಿಷಯದಲ್ಲೂ ಇದು ಮುಂದು. ವಿಟಮಿನ್ ಸಿ ತುಂಬಾ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಿತ್ತಳೆ ಸಿಗದೆ ಹೋದಾಗ ಬ್ರಿಟನ್ನಿನಲ್ಲಿ ಬೇಲಿ ಬೇಲಿಯಿಂದ ಈ ಹಣ್ಣು ಕೊಯ್ದು ಮಕ್ಕಳಿಗೆ ಸಿರಪ್ ಮಾಡಿದರು. ನೀವೂ ಬಳಸುವುದಾದರೆ ಒಂದು ಎಚ್ಚರ. ಹಣ್ಣು ಸೀಳಿದರೆ ಬೀಜದ ಸುತ್ತ ಸಣ್ಣ ಸಣ್ಣ ರೋಮ ಕಾಣುತ್ತದೆ. ಅದು ಗಂಟಲಿಗೂ ಚರ್ಮಕ್ಕೂ ತುರಿಕೆ ತರುತ್ತದೆ. ಬೀಜ, ರೋಮ ಎರಡನ್ನೂ ಪೂರ್ತಿ ತೆಗೆಯಬೇಕು, ಸಿರಪ್ ಆದರೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು.

ಕೆಲವೊಮ್ಮೆ ರೆಂಬೆಯ ಮೇಲೆ ಕೆಂಪು ಹಸಿರು ಬಣ್ಣದ, ಪಾಚಿ ಮುದ್ದೆಯಂಥ ಗಂಟು ಕಾಣಿಸುತ್ತದೆ. ರೋಗ ಅಂತ ಗಾಬರಿಯಾಗಬೇಡಿ. ಸಣ್ಣದೊಂದು ಕಣಜ ಮೊಗ್ಗಿನಲ್ಲಿ ಮೊಟ್ಟೆ ಇಟ್ಟು, ಅದರ ಮರಿಗಳು ಒಳಗೆ ಬೆಳೆಯುತ್ತಿರುತ್ತವೆ. ಗಿಡಕ್ಕೆ ತೊಂದರೆ ಇಲ್ಲ. ಬಿಟ್ಟುಬಿಡಿ.

ರುಗೋಸಾ: ಎಲ್ಲಾ ಗುಣವೂ ಇದೆ, ಒಂದು ದೋಷವೂ ಇದೆ

ಪಟ್ಟಿ ಹಾಕಿ ಅಂಕ ಕೊಟ್ಟರೆ ರೋಸಾ ರುಗೋಸಾ ಮೊದಲ ಸ್ಥಾನಕ್ಕೆ ಬರುತ್ತದೆ. ಒಂದೂವರೆ ಮೀಟರ್ ಆಸುಪಾಸಿನ ಪೊದೆ. ಸುಕ್ಕುಸುಕ್ಕಾದ ದಪ್ಪ ಎಲೆ, ಅದಕ್ಕೆ ಕಪ್ಪು ಚುಕ್ಕೆ ರೋಗ ಹತ್ತುವುದು ಅಪರೂಪ. ಗಾಢ ಪರಿಮಳ. ಒಂದು ಸಲ ಹೂ ಬಿಟ್ಟು ಸುಮ್ಮನಾಗುವ ಗಿಡವೂ ಅಲ್ಲ. ಬೇಸಿಗೆಯಿಂದ ಶರತ್ಕಾಲದವರೆಗೆ ಬಿಟ್ಟು ಬಿಟ್ಟು ಅರಳುತ್ತದೆ. ಹಣ್ಣು ಸಣ್ಣ ಟೊಮೆಟೊ ಗಾತ್ರದ್ದು, ತಿರುಳು ಜಾಸ್ತಿ. ಕಡಲ ಉಪ್ಪುಗಾಳಿ, ಬರೀ ಮರಳು, ಕಡು ಚಳಿ ಎಲ್ಲ ತಡೆಯುತ್ತದೆ. ಸುಣ್ಣ ಜಾಸ್ತಿ ಇರುವ ಮಣ್ಣಲ್ಲಿ ಮಾತ್ರ ಎಲೆ ಹಳದಿಯಾಗುತ್ತದೆ.

ಆದರೆ ಇದರ ತವರು ಜಪಾನ್, ಕೊರಿಯಾ, ಈಶಾನ್ಯ ಚೀನಾ ಮತ್ತು ರಷ್ಯಾದ ಪೂರ್ವ ತುದಿಯ ಕಡಲತೀರ. ಅಲ್ಲಿದ್ದವರಿಗೆ ಇದು ದೇಸಿ, ಖುಷಿಯಾಗಿ ನೆಡಲಿ. ಉತ್ತರ ಯುರೋಪಿನಲ್ಲಿ ಕಥೆಯೇ ಬೇರೆ. ಡೆನ್ಮಾರ್ಕ್, ಜರ್ಮನಿಯ ಮರಳು ದಿಬ್ಬಗಳಲ್ಲಿ ಇದು ಬೇರು ಹರಡಿ ಅಲ್ಲಿನ ಸಣ್ಣ ಗಿಡಗಳನ್ನೆಲ್ಲ ಮುಚ್ಚಿಹಾಕಿದೆ. ಹಣ್ಣು ಉಪ್ಪುನೀರಿನಲ್ಲಿ ತೇಲಿಕೊಂಡು ಹೊಸ ದಡ ಸೇರುತ್ತದೆ. ಕಡಲಿಂದ ದೂರ, ಪಟ್ಟಣದ ನಡುವೆ, ಕಲ್ಲು ಹಾಸಿನ ಮಧ್ಯೆ ಇರುವ ಮಡಿಯಲ್ಲಿ ನೆಟ್ಟರೆ ಅಪಾಯ ಕಡಿಮೆ ಅನ್ನುವವರಿದ್ದಾರೆ. ನಿಜ, ಕಡಿಮೆ. ಆದರೂ ನಿಮ್ಮ ಸೀಮೆಗೆ ತನ್ನದೇ ಕಾಡು ಗುಲಾಬಿ ಇರುವಾಗ ಅಷ್ಟು ಲೆಕ್ಕಾಚಾರ ಯಾಕೆ ಬೇಕು ಅನ್ನುವುದು ನನ್ನ ನಿಲುವು.

ಯುರೋಪಿನಲ್ಲಿ ಕುಳ್ಳ ಗಿಡ, ಮರಳು ಮಣ್ಣು, ಕಡಲ ಗಾಳಿ ಇವಿಷ್ಟೇ ನಿಮ್ಮ ಅಗತ್ಯವಾದರೆ ರೋಸಾ ಸ್ಪಿನೊಸಿಸಿಮಾ ಇದೆ. ಅರ್ಧದಿಂದ ಒಂದು ಮೀಟರ್ ಎತ್ತರ, ಕೆನೆ ಬಿಳಿ ಹೂವು, ಕಪ್ಪು ಹಣ್ಣು, ಮೈತುಂಬಾ ಸೂಜಿಯಂಥ ಮುಳ್ಳು. ಮರಿಗಿಡ ಎಬ್ಬಿಸುವುದರಲ್ಲಿ ಇದೂ ಕಡಿಮೆಯೇನಲ್ಲ.

ಉತ್ತರ ಅಮೆರಿಕದ ಗುಂಪು: ಮಣ್ಣು ನೋಡಿ ಆರಿಸಿ

ಇಲ್ಲಿ ಆಯ್ಕೆ ಸುಲಭ, ಯಾಕೆಂದರೆ ಒಂದೊಂದು ಜಾತಿ ಒಂದೊಂದು ಬಗೆಯ ಜಾಗ ಹಿಡಿದುಕೊಂಡಿದೆ.

ನೀರು ನಿಲ್ಲುವ ತಗ್ಗು, ಕೊಳದ ಅಂಚು, ಮಳೆನೀರು ಇಂಗುವ ಗುಂಡಿ ಇದ್ದರೆ ರೋಸಾ ಪಾಲಸ್ಟ್ರಿಸ್. ಪೂರ್ವ ಭಾಗದ ಜೌಗು ನೆಲದ ಗಿಡ ಇದು. ಬೇರೆ ಗುಲಾಬಿಗಳ ಬೇರು ಕೊಳೆಯುವ ಕಡೆ ಇದು ನೆಮ್ಮದಿಯಾಗಿರುತ್ತದೆ. ಒಣ ಮಣ್ಣು, ಸಣ್ಣ ಜಾಗ ಆದರೆ ರೋಸಾ ಕ್ಯಾರೊಲೈನಾ. ಒಂದು ಮೀಟರ್ ದಾಟುವುದು ಕಡಿಮೆ, ಆದರೆ ಬೇರಿನಿಂದ ಹರಡುತ್ತದೆ. ಪಶ್ಚಿಮದ ಒಣ, ಚಳಿ ಸೀಮೆಗೆ ರೋಸಾ ವುಡ್ಸೀ. ಅದೂ ಒತ್ತಾದ ಪೊದೆ ಕಟ್ಟುವ ಗಿಡ, ಹಾಗಾಗಿ ಇಳಿಜಾರಿಗೆ ಸರಿ.

ಪೂರ್ವ ಭಾಗದವರು ಒಂದೇ ಗಿಡ ನೆಡುವುದಾದರೆ ನನ್ನ ಮತ ರೋಸಾ ವರ್ಜಿನಿಯಾನಾಕ್ಕೆ. ಒಂದರಿಂದ ಎರಡು ಮೀಟರ್. ಎಣ್ಣೆ ಸವರಿದ ಹಾಗೆ ಮಿನುಗುವ ಎಲೆ ಶರತ್ಕಾಲದಲ್ಲಿ ನೇರಳೆಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತದೆ. ಎಲೆ ಉದುರಿದ ಮೇಲೂ ಕೆಂಪು ಹಣ್ಣು ಚಳಿಗಾಲ ಪೂರ್ತಿ ಕೊಂಬೆಯಲ್ಲಿರುತ್ತದೆ, ಕಡ್ಡಿಗಳಿಗೂ ಕೆಂಪು ಛಾಯೆ ಇರುತ್ತದೆ. ಹೂವಿಲ್ಲದ ತಿಂಗಳುಗಳ ಲೆಕ್ಕ ಹಾಕಿದರೆ ಇದನ್ನು ಮೀರಿಸುವ ಕಾಡು ಗುಲಾಬಿ ಕಡಿಮೆ.

ಕಮಾನಿಗೋ ಬೇಲಿಗೋ ಹಬ್ಬಿಸಬೇಕಾದರೆ ರೋಸಾ ಸೆಟಿಜೆರಾ. ಮುಳ್ಳು ಕಡಿಮೆ, ಹೂವು ಉಳಿದವುಗಳಿಗಿಂತ ತಡವಾಗಿ ಬರುತ್ತದೆ, ಅರಳಿದಾಗ ಗುಲಾಬಿ ಬಣ್ಣ, ಬಾಡುವ ಹೊತ್ತಿಗೆ ಬಿಳಿಚಿಕೊಳ್ಳುತ್ತದೆ. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೂವು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಂದೇ ಗಿಡ ನೆಟ್ಟರೆ ಹಣ್ಣು ಬರದೇ ಹೋಗಬಹುದು. ಹಣ್ಣು ಬೇಕೆಂದರೆ ಬೀಜದಿಂದ ಬಂದ ಎರಡು ಮೂರು ಗಿಡ ಒಟ್ಟಿಗೆ ನೆಡಿ.

ಬೆಚ್ಚನೆಯ ಸೀಮೆಗೆ

ಚಳಿ ಇಲ್ಲದ ಕಡೆ ಆಯ್ಕೆ ಕಡಿಮೆ. ಇಲ್ಲವೇ ಇಲ್ಲ ಅಂತೇನಿಲ್ಲ. ಬಂಗಾಳ, ಬರ್ಮಾದ ನದಿ ದಡಗಳ ರೋಸಾ ಕ್ಲೈನೋಫಿಲ್ಲಾ ಬಿಸಿಲನ್ನೂ ನೆರೆಯನ್ನೂ ತಡೆಯುವ ಬಿಳಿ ಹೂವಿನ ಗಿಡ. ಕೊಡೈಕೆನಾಲಿನ ತಳಿ ತಜ್ಞ ಎಂ. ಎಸ್. ವೀರರಾಘವನ್ ಬಿಸಿಲು ನಾಡಿಗೆ ಒಗ್ಗುವ ಗುಲಾಬಿ ತಳಿ ರೂಪಿಸಲು ಇದನ್ನೂ ರೋಸಾ ಜೈಗಾಂಟಿಯಾವನ್ನೂ ಬಳಸಿದ್ದಾರೆ.

ಜೈಗಾಂಟಿಯಾ ಮಣಿಪುರ, ಬರ್ಮಾ, ಚೀನಾದ ಯುನ್ನಾನ್ ಬೆಟ್ಟಗಳದು. ಅಂಗೈ ಅಗಲದ ಕೆನೆ ಬಿಳಿ ಹೂವು. ಆದರೆ ಹೆಸರಿಗೆ ತಕ್ಕ ಹಾಗೆ ಮರ ಹತ್ತಿ ಇಪ್ಪತ್ತು ಮೀಟರ್ ಏರಬಲ್ಲದು. ಹಿಮಾಲಯದ ರೋಸಾ ಬ್ರುನೋನಿ ಕೂಡ ಅಂಥದ್ದೇ, ಗೊಂಚಲು ಗೊಂಚಲು ಪರಿಮಳದ ಹೂವು, ಹತ್ತು ಮೀಟರ್ ಹಬ್ಬು. ದೊಡ್ಡ ಮರವೋ ಗಟ್ಟಿ ಚಪ್ಪರವೋ ಇಲ್ಲದವರು ಇವೆರಡನ್ನೂ ಬಿಟ್ಟುಬಿಡುವುದು ವಾಸಿ. ನೀಲಗಿರಿ, ಪಳನಿಯ ಎತ್ತರದ ಬೆಟ್ಟಗಳಲ್ಲಿ ಸಿಗುವ ರೋಸಾ ಲೆಶೆನಾಲ್ಟಿಯಾನಾ ತಂಪು ಗುಡ್ಡದ ಗಿಡ. ಬಯಲು ಸೀಮೆಗೆ ಇಳಿಸಬೇಡಿ.

ಹಾಗಾದರೆ ನಿಮಗೆ ಯಾವುದು?

ಜೇನುಹುಳ, ದುಂಬಿಗಳಿಗಾಗಿ ನೆಡುವವರು ಎತ್ತರ ಬಣ್ಣಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ ಸೀಮೆಯ ಯಾವ ಐದೆಸಳಿನ ಗುಲಾಬಿಯಾದರೂ ಆದೀತು. ಇದರಲ್ಲಿ ಮಕರಂದ ಇಲ್ಲವೆನ್ನುವಷ್ಟು ಕಡಿಮೆ, ಸಿಗುವುದು ಪರಾಗ. ಬೆಳಗಿನ ಹೊತ್ತು ಗಿಡದ ಹತ್ತಿರ ನಿಂತು ನೋಡಿ. ದುಂಬಿ ಬಂದು ಕೇಸರದ ಕಟ್ಟನ್ನು ತಬ್ಬಿ ಹಿಡಿಯುತ್ತದೆ, ರೆಕ್ಕೆ ಮಡಚಿಕೊಂಡೇ ಮೈ ನಡುಗಿಸುತ್ತದೆ. ಹಾರುವಾಗಿನ ಸದ್ದಿಗಿಂತ ಚೂಪಾದ ಗುಂಯ್ ಸದ್ದು ಕೇಳುತ್ತದೆ, ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ನೂರು ಎಸಳಿನ ತಳಿಗಳಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುವುದರಿಂದ ಹುಳಗಳಿಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಎಲೆಯ ಅಂಚಿನಲ್ಲಿ ಅಚ್ಚುಕಟ್ಟಾಗಿ ಅರ್ಧಚಂದ್ರ ಕತ್ತರಿಸಿದ್ದು ಕಂಡರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಗೂಡಿನ ಗೋಡೆಗೆ ಒಯ್ದಿರುತ್ತದೆ. ಔಷಧಿ ಹೊಡೆಯಬೇಡಿ.

ಹಕ್ಕಿಗಳಿಗಾಗಿ ಅಂದರೆ ಹಣ್ಣು ತುಂಬಾ ದಿನ ನಿಲ್ಲುವ ಜಾತಿ ಬೇಕು. ಡಾಗ್ ರೋಸ್, ವರ್ಜಿನಿಯಾನಾ ಎರಡೂ ಸರಿ. ಅಡುಗೆಮನೆಗಾಗಿ ಅಂದರೆ ಡಾಗ್ ರೋಸ್. ರುಗೋಸಾದಲ್ಲಿ ತಿರುಳು ಇನ್ನೂ ಜಾಸ್ತಿ, ಆದರೆ ಅದು ತವರಿನವರಿಗೆ. ಚಿಕ್ಕ ಅಂಗಳವಿದ್ದರೆ ಕ್ಯಾರೊಲೈನಾ ಅಥವಾ ಸ್ಪಿನೊಸಿಸಿಮಾ, ಜೊತೆಗೆ ವರ್ಷಕ್ಕೊಮ್ಮೆ ಗುದ್ದಲಿ ಹಿಡಿದು ದಾಟಿ ಬಂದ ಮರಿಗಿಡ ಕೀಳುವ ತಯಾರಿ.

ಕುಂಡದಲ್ಲಿ ಬೆಳೆಯಬಹುದೇ ಅಂತ ತುಂಬಾ ಜನ ಕೇಳುತ್ತಾರೆ. ಕುಳ್ಳ ಜಾತಿಗಳು ದೊಡ್ಡ ಕುಂಡದಲ್ಲಿ ಕೆಲವು ವರ್ಷ ಬದುಕುತ್ತವೆ. ಆದರೆ ಕಾಡು ಗುಲಾಬಿಯ ದೊಡ್ಡ ಲಾಭವೇ ಆಳಕ್ಕೆ ಇಳಿಯುವ ಬೇರು, ನೀರು ಗೊಬ್ಬರ ಕೇಳದ ಸ್ವಭಾವ. ಕುಂಡದಲ್ಲಿ ಅದೆರಡೂ ಇರುವುದಿಲ್ಲ. ಬಾಲ್ಕನಿಯವರಿಗೆ ನಾನು ಇದನ್ನು ಹೇಳುವುದಿಲ್ಲ.

ಕತ್ತರಿಯ ವಿಷಯವನ್ನೂ ಈಗಲೇ ತಿಳಿದಿರಿ, ಯಾಕೆಂದರೆ ಇದೂ ಆಯ್ಕೆಯ ಭಾಗ. ಇಲ್ಲಿ ಹೇಳಿದ ಹೆಚ್ಚಿನ ಗಿಡಗಳು ಹಿಂದಿನ ವರ್ಷದ ರೆಂಬೆಯಲ್ಲಿ ಹೂ ಬಿಡುತ್ತವೆ. ಚಳಿಗಾಲದಲ್ಲಿ ಪೂರ್ತಿ ಮೊಟಕು ಮಾಡಿದರೆ ಆ ವರ್ಷದ ಹೂವು ಹೋಯಿತು. ಹೂ ಮುಗಿದ ಕೂಡಲೇ ಕತ್ತರಿಸಿದರೆ ಹಣ್ಣು ಹೋಯಿತು. ಎರಡೂ ಬೇಕೆಂದರೆ ಕೆಲವು ವರ್ಷಕ್ಕೊಮ್ಮೆ, ಎಲೆ ಇಲ್ಲದ ಕಾಲದಲ್ಲಿ, ತೀರಾ ಹಳೆಯ ನಾಲ್ಕಾರು ಕಡ್ಡಿಗಳನ್ನು ಮಾತ್ರ ಬುಡದಿಂದ ತೆಗೆಯಿರಿ. ಗೋಡೆಯ ಹಾಗೆ ಸಪಾಟಾಗಿ ಕತ್ತರಿಸಿದ ಬೇಲಿಯೇ ಬೇಕು ಅನ್ನುವವರಿಗೆ ಗುಲಾಬಿ ಸರಿಯಾದ ಗಿಡವೇ ಅಲ್ಲ.

ಗಿಡ ಎಲ್ಲಿಂದ ತರುವುದು?

ಖರ್ಚೇ ಇಲ್ಲದ ದಾರಿ ಅಂದರೆ ಪರಿಚಯದವರ ತೋಟದ ಮರಿಗಿಡ. ಎಲೆ ಉದುರಿದ ಕಾಲದಲ್ಲಿ ಸ್ವಲ್ಪ ಬೇರಿನ ಸಮೇತ ಅಗೆದು, ಮೇಲ್ಭಾಗ ಮೊಟಕು ಮಾಡಿ ನೆಟ್ಟರೆ ಸಾಮಾನ್ಯವಾಗಿ ಹಿಡಿಯುತ್ತದೆ. ಒಂದೇ ಎಚ್ಚರ, ತಾಯಿಗಿಡ ಕಸಿಯದ್ದಾಗಿದ್ದರೆ ನಿಮಗೆ ಸಿಗುವುದು ಕೆಳಗಿನ ಬೇರುಗಿಡದ ಮರಿ. ಕಾಡಿನಿಂದ ಮಾತ್ರ ಗಿಡ ಕಿತ್ತು ತರಬೇಡಿ. ಒಂದು ಹಿಡಿ ಹಣ್ಣು ತಂದರೆ ಸಾಕು.

ಬೀಜದ ದಾರಿಗೂ ದುಡ್ಡು ಬೇಕಿಲ್ಲ, ತಾಳ್ಮೆ ಬೇಕು. ಬೀಜ ತೊಳೆದು, ಒದ್ದೆ ಮರಳಲ್ಲಿ ಬೆರೆಸಿ, ಫ್ರಿಜ್‌ನಲ್ಲಿ ಮೂರು ತಿಂಗಳಾದರೂ ಇಡಬೇಕು. ಡಾಗ್ ರೋಸ್ ಬೀಜವಂತೂ ಎಷ್ಟೋ ಸಲ ಎರಡನೇ ವಸಂತಕ್ಕೆ ಮೊಳೆಯುತ್ತದೆ. ಹೂವಿಗೆ ಇನ್ನೂ ಎರಡು ಮೂರು ವರ್ಷ. ಉದ್ದ ಬೇಲಿಗೆ ಐವತ್ತು ಗಿಡ ಬೇಕಾದವರಿಗೆ ಈ ದಾರಿ ಚೆನ್ನ. ಅಷ್ಟು ಕಾಯಲಾಗದಿದ್ದರೆ ಮಣ್ಣಿಲ್ಲದೆ ಬರೀ ಬೇರಿನ ಸಮೇತ ಮಾರುವ ಎಳೆಯ ಗಿಡಗಳು ಕುಂಡದ ಗಿಡಕ್ಕಿಂತ ಬಹಳ ಅಗ್ಗ. ಚಳಿಗಾಲದಲ್ಲಿ ಮಾತ್ರ ಸಿಗುತ್ತವೆ, ತಂದ ದಿನವೇ ನೆಡಬೇಕು. ಒಂದೋ ಎರಡೋ ಗಿಡ ಸಾಕು ಅನ್ನುವವರು ಕುಂಡದ್ದೇ ತನ್ನಿ. ಯಾವಾಗ ಬೇಕಾದರೂ ನೆಡಬಹುದು.

ಯಾವ ದಾರಿಯಾದರೂ ಸ್ವಂತ ಬೇರಿನ ಗಿಡವನ್ನೇ ಕೇಳಿ. ಕಸಿ ಗಿಡದಲ್ಲಿ ಬುಡದ ಬೇರುಗಿಡ ಚಿಗುರಿ ಮೇಲಿನದನ್ನು ನುಂಗಿಹಾಕುತ್ತದೆ. ಚೀಟಿಯಲ್ಲಿ ಬರೀ ‘ಕಾಡು ಗುಲಾಬಿ’ ಅಂತಿದ್ದರೆ ಪೂರ್ತಿ ವೈಜ್ಞಾನಿಕ ಹೆಸರು ಕೇಳಿ. ಮಲ್ಟಿಫ್ಲೋರಾ ಇರಬಹುದೆಂಬ ಅನುಮಾನ ಬಂದರೆ ಎಲೆಯ ತೊಟ್ಟು ಕಡ್ಡಿಗೆ ಸೇರುವ ಜಾಗ ನೋಡಿ. ಅಲ್ಲಿ ಎರಡು ಬದಿಯಲ್ಲಿ ಸಣ್ಣ ಹಸಿರು ಪಟ್ಟಿ ಇರುತ್ತದೆ. ಮಲ್ಟಿಫ್ಲೋರಾದಲ್ಲಿ ಅದರ ಅಂಚು ಸೀಳಿ ಎಳೆಎಳೆಯಾಗಿರುತ್ತದೆ. ಇಲ್ಲಿ ಹೇಳಿದ ಅಮೆರಿಕದ ಜಾತಿಗಳಲ್ಲಿ ಹಾಗಿರುವುದಿಲ್ಲ.

ನೆಟ್ಟ ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಆಳವಾಗಿ ನೀರು ಕೊಡಿ, ಬುಡಕ್ಕೆ ಒಣ ಎಲೆ ಹೊದಿಸಿ. ರಾಸಾಯನಿಕ ಗೊಬ್ಬರ ಬೇಡ. ನಿಮ್ಮ ಜಾಗಕ್ಕೆ ಸರಿಯಾದ ಜಾತಿ ಈ ಸಲ ಎಲ್ಲೂ ಸಿಗಲಿಲ್ಲ ಅಂದರೆ ಸಿಕ್ಕಿದ್ದನ್ನು ತಂದು ನೆಡಬೇಡಿ. ಬೀಜ ಫ್ರಿಜ್‌ಗೆ ಹಾಕಿ ಮುಂದಿನ ವರ್ಷಕ್ಕೆ ಕಾಯಿರಿ. ತಪ್ಪು ಜಾತಿಯನ್ನು ಬೇರು ಸಮೇತ ಕಿತ್ತು ತೆಗೆಯಲು ಅದಕ್ಕಿಂತ ಎಷ್ಟೋ ಜಾಸ್ತಿ ವರ್ಷ ಬೇಕಾಗುತ್ತದೆ.